ನಾಲ್ಕು ಜನರಿಗೆ

ಜನವರಿ 11

ಅಕ್ಕಾ,

ಮೊದಲು ಕೂತುಕೋ, ಆಮೇಲೆ ನಗು. ನಾನು ಅಡುಗೆಯ ಬ್ಲಾಗ್ ಶುರುಮಾಡುತ್ತಿದ್ದೇನೆ. ಹೌದು, ನಾನೇ. ಹಾಲು ಒಲೆಯ ಮೇಲಿಟ್ಟು ಮರೆತು ನಿನ್ನ ಪಾತ್ರೆಗಳನ್ನೆಲ್ಲ ಸುಟ್ಟವಳು. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸದ ಅರ್ಧಕ್ಕೂ ‘ಹೂಂ, ಹೂಂ’ ಅನ್ನುತ್ತೀಯ. ಹಾಗಾಗಿ ಎಂದಿನಂತೆ ಕಾಗದ.

ನಿಜ ಹೇಳಬೇಕೆಂದರೆ ಇದು ಮಗಳ ಆಸೆ. ಕೆಲವು ತಿಂಗಳಿಂದ ಅವಳು ಕಾಲೇಜಿನಿಂದ ಬಂದು ಕೋಣೆಯ ಬಾಗಿಲು ಹಾಕಿಕೊಂಡರೆ ಮುಗಿಯಿತು. ಕರೆದರೆ ‘ಓದ್ತಿದೀನಿ’, ಬಾಗಿಲು ತಟ್ಟಿದರೆ ‘ಮಲಗಿದೀನಿ’. ಕಳೆದ ವಾರ ತಾನಾಗಿ ಅಡುಗೆಮನೆಗೆ ಬಂದಳು. ಕುಕ್ಕರಿನ ರಬ್ಬರ್ ಹುಡುಕುತ್ತಿದ್ದ ನನ್ನ ಕೈಯಲ್ಲಿ ನಿನ್ನ ಆ ಪುಸ್ತಿಕೆ ಇತ್ತು. ನಿಮ್ಮ ಕಂಪನಿಯವರು ಪ್ರತಿ ಕುಕ್ಕರಿನ ಪೆಟ್ಟಿಗೆಯಲ್ಲೂ ಇಡುತ್ತಿದ್ದರಲ್ಲ, ಅದೇ. ನಿಂತಲ್ಲೇ ಪೂರ್ತಿ ಓದಿದಳು. “ಅಮ್ಮಾ, ಇದಿಷ್ಟೂ ದೊಡ್ಡಮ್ಮ ಬರೆದಿದ್ದಾ? ಒಂದೊಂದಾಗಿ ಮಾಡಿ ಫೋಟೋ ತೆಗೆದು ಹಾಕೋಣ್ವಾ?” ಎಂದಳು. ಆ ಕ್ಷಣದಲ್ಲಿ ಅವಳು ಚಂದ್ರನ ಮೇಲೆ ಅಂಗಡಿ ಇಡೋಣವೆಂದಿದ್ದರೂ ಹೊರಡುತ್ತಿದ್ದೆ.

ಅವಳು ಫೋಟೋ ತೆಗೆಯುತ್ತಾಳೆ, ನಾನು ಬರೆಯುತ್ತೇನೆ. ಇವರು ಡಿಪೋದಿಂದ ಬಂದು, ಕೈಯ ಗ್ರೀಸ್ ಒರೆಸಿಕೊಳ್ಳುತ್ತ “ನಂದೇನು ಕೆಲಸ?” ಎಂದು ಕೇಳಿದರು.

“ನೀವು ತಿನ್ನಿ ಅಪ್ಪ.”

“ಬಸ್ಸಿನಡಿ ಮಲಗಿ ದುಡಿಯೋನಿಗೆ ಇದಕ್ಕಿಂತ ಬಡ್ತಿ ಬೇಕಾ!”

ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಿನಗೆ ಬರೆಯಲೆಂದೇ ಈ ಕಾಗದ ಅಂದುಕೋ.

ಈಗ ನೀನು ಹೇಳು, ಶುರುಮಾಡುವ ಮುಂಚೆ ನಾವು ಏನೇನು ಯೋಚಿಸಬೇಕು? ಆಯುಷ್ಯವೆಲ್ಲ ಕಂಪನಿಯಲ್ಲಿ ಹೊಸ ಅಡುಗೆ ಪರೀಕ್ಷಿಸುವ ಅಡುಗೆಮನೆಯಲ್ಲಿ ಕಳೆದವಳು ನೀನು. ಇನ್ನೊಂದು ಮಾತು. ಇನ್ನು ಮೇಲೆ ಕಾಗದದಲ್ಲಿ ಅವಳನ್ನು ‘ಗುಂಡಮ್ಮ’ ಅಂತ ಬರೆಯಬೇಡ. ಅವಳಿಗೆ ಇಷ್ಟವಾಗುತ್ತಿಲ್ಲ.

ನಿನ್ನ ತಂಗಿ

*

ಜನವರಿ 20

ತಂಗೀ,

ನಕ್ಕೆ. ಕೆಳಗಿನ ಅಂಗಡಿಯ ಸೈಕಲ್ ರಿಪೇರಿಯವನು ತಲೆಯೆತ್ತಿ ನೋಡಿದನಂತೆ. ಅವನ ಹೆಂಡತಿ ಬಂದು ಹೇಳಿದಳು. ನನ್ನ ನಗು ನನಗೇ ಕೇಳಿಸದ ಕಾಲ ಬಂದಿದೆ.

ಹೆಸರು ನಾನೇ ಇಟ್ಟದ್ದು, ನಾನೇ ವಾಪಸ್ ತೆಗೆದುಕೊಂಡೆ. ಅವಳು ಹುಟ್ಟಿದಾಗಿನ ಕೆನ್ನೆ ನೀನು ಮರೆತಿರಬಹುದು, ನಾನು ಮರೆತಿಲ್ಲ. ಹದಿನೇಳಕ್ಕೆ ಎಲ್ಲರಿಗೂ ತಮ್ಮ ಹೆಸರಿನ ಮೇಲೆ ಸಿಟ್ಟು ಬರುತ್ತದೆ. ನೀನು ಆ ವಯಸ್ಸಿನಲ್ಲಿ ನಿನ್ನ ಮೂಗಿನ ಮೇಲೆ ಸಿಟ್ಟಾಗಿದ್ದೆ.

ಇನ್ನು ನಿನ್ನ ಬ್ಲಾಗ್. ನಮ್ಮ ಅಡುಗೆಮನೆಯ ಹಿರಿಯ ಮೇಡಂ ಹೊಸ ಅಡುಗೆಯೊಂದನ್ನು ತಂದಾಗ ಮೊದಲು ಕೇಳುತ್ತಿದ್ದದ್ದು ರುಚಿಯ ವಿಷಯವಲ್ಲ. “ಇದನ್ನ ತಿನ್ನೋರು ಯಾರು?” ಅದೊಂದೇ. ಉತ್ತರ ಗೊತ್ತಿಲ್ಲದಿದ್ದರೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ನಾನೂ ಅದನ್ನೇ ಮೊದಲು ಕೇಳುತ್ತೇನೆ. ಫೋಟೋ ತೆಗೆದ ಮೇಲೆ ಅದನ್ನು ತಿನ್ನುವವರು ಯಾರು? ನೋಡುವವರಲ್ಲ, ತಿನ್ನುವವರು.

ಆಮೇಲೆ ಪಾತ್ರೆ ತೊಳೆಯುವವರು ಯಾರು ಎಂದು ಈಗಲೇ ತೀರ್ಮಾನಿಸಿ, ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಜಗಳ. ಯಾರೂ ಓದದಿದ್ದರೂ ಮುಂದುವರಿಸುತ್ತೀರಾ? ಕೆಟ್ಟುಹೋದ ಅಡುಗೆಯನ್ನೂ ತೋರಿಸುತ್ತೀರಾ? ತೋರಿಸಬೇಕು. ಸುಟ್ಟದ್ದನ್ನು ಮುಚ್ಚಿಡುವವರ ಮಾತನ್ನು ನಾನು ನಂಬುವುದಿಲ್ಲ. ನನ್ನ ಪುಸ್ತಿಕೆಯಿಂದ ತೆಗೆದುಕೊಂಡದ್ದಕ್ಕೆ ನನ್ನ ಅಪ್ಪಣೆ ಇದೆ. ಕಂಪನಿ ಮುಚ್ಚಿಹೋಗಿದೆ, ಕೇಳಲು ಅಲ್ಲಿ ಯಾರೂ ಇಲ್ಲ. ಮತ್ತೆ, ಯಾವ ದಿನ ನಿಲ್ಲಿಸುತ್ತೀರಿ? ಶುರುಮಾಡುವ ಸಡಗರದಲ್ಲಿ ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ಪುಸ್ತಿಕೆಯಲ್ಲಿ ಪ್ರತಿ ಅಡುಗೆಯ ಕೆಳಗೂ ‘ನಾಲ್ಕು ಜನರಿಗೆ’ ಎಂದು ಇರುತ್ತದಲ್ಲ, ಅದು ಅಂದಾಜಿನ ಮಾತಲ್ಲ ಎಂದು ಮಗುವಿಗೆ ಹೇಳು. ಕಾರ್ಖಾನೆಯಿಂದ ನಾಲ್ವರನ್ನು ಕರೆಸುತ್ತಿದ್ದೆವು, ಒಬ್ಬೊಬ್ಬ ಒಂದೊಂದು ವಿಭಾಗದವನು. ಅವರು ತಿನ್ನುವಾಗ ನಾವು ಮುಖ ನೋಡುತ್ತಿರಲಿಲ್ಲ. ಮುಖ ಸುಳ್ಳು ಹೇಳುತ್ತದೆ, ಎಲ್ಲರೂ ‘ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ. ತಟ್ಟೆ ವಾಪಸ್ ಬಂದಾಗ ತಟ್ಟೆಯನ್ನು ನೋಡುತ್ತಿದ್ದೆವು. ನಾಲ್ಕೂ ತಟ್ಟೆ ಖಾಲಿಯಾದರೆ ಮಾತ್ರ ಆ ಸಾಲು ಅಚ್ಚಾಗುತ್ತಿತ್ತು.

ಉತ್ತರ ಬರೆ. ಎಲ್ಲ ಪ್ರಶ್ನೆಗೂ.

ಅಕ್ಕ

*

ಫೆಬ್ರವರಿ 2

ಅಕ್ಕಾ,

ಶುರುವಾಗಿಯೇ ಬಿಟ್ಟಿತು! ಹೆಸರು ‘ನಾಲ್ಕು ಜನರಿಗೆ’. ನಿನ್ನ ಕಾಗದ ಓದಿದ ಕೂಡಲೇ ಮಗಳು ಅದನ್ನೇ ಇಟ್ಟಳು. ಮೊದಲ ಅಡುಗೆ ನಿನ್ನ ಕುಂಬಳಕಾಯಿ ಸೂಪು, ಎರಡನೆಯದು ಹಾಲಿನ ಪುಡಿಂಗ್. ಪುಡಿಂಗ್ ಅಲುಗಾಡದಂತೆ ನಿಂತದ್ದು ನೋಡಿ ನಾನು ಚಪ್ಪಾಳೆ ತಟ್ಟಿದೆ.

ಪಾತ್ರೆ ತೊಳೆಯುವವಳು ನಾನೇ, ಬೇರೆ ಯಾರು? ಯಾರೂ ಓದದಿದ್ದರೂ ಮುಂದುವರಿಸುತ್ತೇವೆ. ಆದರೆ ಓದುತ್ತಿದ್ದಾರೆ. ಯಾರೋ ಒಬ್ಬಾಕೆ ಸೂಪು ಮಾಡಿ, ಹಲ್ಲಿಲ್ಲದ ತನ್ನ ಮಾವ ಎರಡು ಸಲ ಹಾಕಿಸಿಕೊಂಡರು ಎಂದು ಬರೆದಿದ್ದಾರೆ. ಮಗಳು ಅದನ್ನು ಮತ್ತೆ ಮತ್ತೆ ಓದಿದಳು. ಸುಟ್ಟದ್ದನ್ನೂ ಹಾಕೋಣವೆಂದರೆ ಅವಳ ಕೈಯಲ್ಲಿ ಏನೂ ಸುಡುವುದಿಲ್ಲ. ನನ್ನ ಮಗಳೇ ಹೌದಾ ಎಂದು ಇವರು ಕೇಳುತ್ತಾರೆ.

ಎಷ್ಟು ನಿಖರ ಗೊತ್ತಾ ಅವಳು! ಸಕ್ಕರೆಯನ್ನು ಚಮಚದ ಅಂಚಿಗೆ ಚಾಕು ಎಳೆದು ಸಮ ಮಾಡುತ್ತಾಳೆ. ನಾನು ಒಂದು ಚಿಟಿಕೆ ಹೆಚ್ಚು ಹಾಕಿದರೆ ಕೈ ಹಿಡಿಯುತ್ತಾಳೆ.

ತಿನ್ನುವವರು ನಾವೇ, ಮನೆಯವರು. ಮೂವರೂ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿದೆ. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿದ್ದಾರೆ, ಇದ್ದದ್ದನ್ನು ಬಿಗಿ ಹಿಡಿಸುವವರು, ಸಡಿಲ ಬಿಡಿಸುವವರು ಜಾಸ್ತಿ. ನಮ್ಮ ಮಾಲೀಕರು ಬಾಗಿಲಲ್ಲಿ ನಿಂತು “ನೀವು ಬದಲಾಗ್ಬೇಡಿ, ಬಟ್ಟೆ ಬದಲಾಯಿಸ್ತೀವಿ ಬನ್ನಿ” ಎಂದು ಗಿರಾಕಿಗಳನ್ನು ಕರೆಯುತ್ತಾರೆ.

ನಿನ್ನ ತಂಗಿ

*

ಫೆಬ್ರವರಿ 12

ತಂಗೀ,

ಸೈಕಲ್ ರಿಪೇರಿಯವನ ಹೆಂಡತಿಯ ಫೋನಿನಲ್ಲಿ ನೋಡಿದೆ. ಅವಳು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಮಾಡಿ ತೋರಿಸಿದಳು. ತಂಗೀ, ನನ್ನ ಪುಸ್ತಿಕೆಯಲ್ಲಿ ಚಿತ್ರಗಳೇ ಇರಲಿಲ್ಲ, ಖರ್ಚು ಹೆಚ್ಚೆಂದು ಕಂಪನಿಯವರು ಹಾಕಿಸಲಿಲ್ಲ. ನನ್ನ ಅಡುಗೆ ಚಿತ್ರದಲ್ಲಿ ಹೀಗೆ ಕಾಣುತ್ತದೆ ಎಂದು ನನಗೆ ಈಗ ಗೊತ್ತಾಯಿತು.

ಅವಳ ಕೈಗೆ ಚಮಚ ಸಾಲದು. ನಾನು ನಿವೃತ್ತಳಾದಾಗ ಕೊಟ್ಟ ಮುಳ್ಳಿನ ತಕ್ಕಡಿ ಇಲ್ಲಿ ಸುಮ್ಮನೆ ಧೂಳು ತಿನ್ನುತ್ತಿದೆ. ನಾಳೆ ಪಾರ್ಸೆಲ್ ಮಾಡಿಸುತ್ತೇನೆ. ಅದರ ಮುಳ್ಳು ಒಂದು ಕರಿಮೆಣಸಿಗೂ ಅಲುಗುತ್ತದೆ.

ಒಂದೇ ಆಕ್ಷೇಪ. ಎಲ್ಲ ಚಿತ್ರದಲ್ಲೂ ತಟ್ಟೆ ತುಂಬಿದೆ, ಚಮಚ ಒರೆಸಿಟ್ಟಂತಿದೆ. ಷೋರೂಮಿನ ಹಾಗೆ. ಯಾರೋ ಒಂದು ತುತ್ತು ತೆಗೆದ ಗುರುತು ಬೇಕು. ಬ್ರೆಡ್ ಮುರಿದಿರಬೇಕು. ಆಗಷ್ಟೇ ನೋಡುವವರಿಗೆ ಬಾಯಲ್ಲಿ ನೀರೂರುವುದು. ಮಗುವಿಗೆ ಹೇಳು.

ಅವಳಿಗೆ ಬೇರೆಯೇ ಒಂದು ಚೀಟಿ ಬರೆದು ತಕ್ಕಡಿಯ ಜೊತೆ ಇಡುತ್ತಿದ್ದೇನೆ. ನೀನು ಓದಬೇಡ. ಅದು ನಮ್ಮ ಕಸುಬಿನವರ ಮಾತು.

ಅಕ್ಕ

*

ಮಾರ್ಚ್ 3

ಅಕ್ಕಾ,

ತಕ್ಕಡಿ ಬಂತು, ಗಾಜು ಒಡೆದಿಲ್ಲ. ಮಗಳಿಗೆ ತುಂಬಾ ಖುಷಿ. ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾಳೆ.

ನೀನು ಹೇಳಿದ ಹಾಗೆ ಈಗ ತುತ್ತು ತೆಗೆದ ತಟ್ಟೆಯ ಚಿತ್ರ ಹಾಕುತ್ತಿದ್ದೇವೆ, ನೋಡು.

ಇವರ ಹೊಟ್ಟೆ ಮುಂದೆ ಬಂದಿದೆ. ಡಿಪೋದಲ್ಲಿ ಬಸ್ಸಿನಡಿ ತೂರುವಾಗ “ಜ್ಯಾಕ್ ಇನ್ನೊಂದು ಸ್ವಲ್ಪ ಎತ್ರೋ, ಅಣ್ಣ ಬ್ಲಾಗ್ ತಿಂದು ಬಂದಿದಾನೆ” ಎಂದು ಜೊತೆಯವರು ಗೇಲಿ ಮಾಡುತ್ತಾರಂತೆ. ಅವರ ಪ್ಯಾಂಟು ಸಡಿಲ ಬಿಟ್ಟೆ. ಅದೇ ದಿನ ಮಗಳ ಕಾಲೇಜಿನ ಪ್ಯಾಂಟು ಸ್ವಲ್ಪ ಬಿಗಿ ಹಿಡಿದೆ. ಉದ್ದ ಬೆಳೆಯುವ ವಯಸ್ಸು ನೋಡು.

ಹೆಚ್ಚು ಬರೆಯಲು ಹೊತ್ತಿಲ್ಲ. ಆ ಚೀಟಿಯಲ್ಲಿ ಏನು ಬರೆದಿದ್ದೆ ಅಕ್ಕಾ? ಅವಳು ತೋರಿಸಲಿಲ್ಲ.

ನಿನ್ನ ತಂಗಿ

*

ಮಾರ್ಚ್ 14

ತಂಗೀ,

ಹೊಟ್ಟೆಯ ವಿಷಯ ಓದಿ ಸೈಕಲ್ ರಿಪೇರಿಯವನ ಹೆಂಡತಿಗೂ ಹೇಳಿ ನಕ್ಕೆ. ನಿನ್ನ ಗಂಡನಿಗೆ ಹೇಳು, ನಮ್ಮ ಕಾರ್ಖಾನೆಯಲ್ಲಿದ್ದಿದ್ದರೆ ಆ ನಾಲ್ವರಲ್ಲಿ ಮೊದಲನೆಯವನಾಗಿ ಅವನನ್ನೇ ಕರೆಸುತ್ತಿದ್ದೆ.

ಚೀಟಿಯಲ್ಲಿ ಗುಟ್ಟೇನಿಲ್ಲ. ನಮ್ಮ ಕೆಲಸದ ಶಿಸ್ತು ಬರೆದಿದ್ದೆ. ಪರೀಕ್ಷಕಿ ತಿನ್ನುವುದಿಲ್ಲ. ನಾಲಿಗೆಯ ತುದಿಗೆ ಮುಟ್ಟಿಸಿ, ಬಾಯಿ ಮುಕ್ಕಳಿಸಿ, ಮುಂದಿನದಕ್ಕೆ ಹೋಗುತ್ತಾಳೆ. ಹೊಟ್ಟೆ ತುಂಬಿದವಳ ನಾಲಿಗೆಗೆ ಮಂಕು ಕವಿಯುತ್ತದೆ. ಹಸಿದವಳಿಗೇ ಸರಿಯಾಗಿ ಗೊತ್ತಾಗುವುದು. ಇಂಥ ಶಿಸ್ತು ಇರುವವರು ನಮ್ಮ ಅಡುಗೆಮನೆಯಲ್ಲೂ ಕಡಿಮೆ ಇದ್ದರು, ಮಗೂ, ನಿನ್ನ ಚಿತ್ರ ನೋಡಿದರೆ ನಿನ್ನಲ್ಲಿ ಅದು ಹುಟ್ಟಿನಿಂದಲೇ ಇದೆ ಅನ್ನಿಸುತ್ತದೆ ಎಂದು ಬರೆದೆ. ಮಗುವನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಹೊಗಳಬೇಕಲ್ಲ. ನೀವಿಬ್ಬರೂ ಹೊಗಳುವ ಜಾತಿಯವರಲ್ಲ.

ತುತ್ತು ತೆಗೆದ ತಟ್ಟೆ ನೋಡಿದೆ. ಈಗ ಸರಿಯಾಯಿತು. ಆದರೆ ಎಲ್ಲ ತಟ್ಟೆಯಲ್ಲೂ ಒಂದೇ ಬದಿಯಿಂದ, ಒಂದೇ ಗಾತ್ರದ ತುತ್ತು ಹೋಗಿದೆ. ಒಬ್ಬರೇ ತಿಂದ ಹಾಗೆ. ಮೂವರೂ ಅವರವರ ತಟ್ಟೆಗೆ ಕೈ ಹಾಕಿ.

ಅಕ್ಕ

*

ಏಪ್ರಿಲ್ 10

ತಂಗೀ,

ನಿನ್ನ ಕಾಗದವಿಲ್ಲ. ಹೋದ ಕಾಗದದಲ್ಲಿ ನಿಮ್ಮನ್ನು ಹೊಗಳುವ ಜಾತಿಯವರಲ್ಲ ಎಂದದ್ದಕ್ಕೆ ಕೋಪವಾ? ಹಾಗಿದ್ದರೆ ಬೈದಾದರೂ ಬರೆ. ನಿನ್ನ ಬೈಗುಳ ನನಗೆ ಬಾಯಿಪಾಠವಿದೆ, ಹೊಸದೇನಾದರೂ ಇದ್ದರೆ ಸೇರಿಸು.

ಬ್ಲಾಗ್ ಮಾತ್ರ ನಿಂತಿಲ್ಲ. ಹೆಚ್ಚುಕಡಿಮೆ ದಿನಾ ಒಂದು ಹೊಸ ಅಡುಗೆ. ಪುಸ್ತಿಕೆ ಮುಗಿದು ಅವಳದ್ದೇ ಅಡುಗೆಗಳು ಶುರುವಾಗಿವೆ. ಎಲ್ಲ ಬೆಣ್ಣೆ, ಕೆನೆ, ಸಕ್ಕರೆ. ಎಲ್ಲ ನಾಲ್ಕು ಜನರಿಗೆ. ಇಷ್ಟು ಯಾರು ತಿನ್ನುತ್ತೀರಿ? ನಿನ್ನ ಗಂಡ ಬಸ್ಸಿನಡಿ ಸಿಕ್ಕಿಕೊಂಡಾನು.

ಮತ್ತೆ, ನಿಮ್ಮ ಅತ್ತೆ ಬಂದಿದ್ದಾರಾ? ಬಂದರೆ ಬರೆಯುತ್ತಿದ್ದೆಯಲ್ಲ. ನಿನ್ನೆಯ ಚಿತ್ರದಲ್ಲಿ ಸೂಪಿನ ಸೌಟು ಹಿಡಿದ ಕೈ ಕಂಡೆ. ಪಾಪ, ವಯಸ್ಸಾದ ಕೈ. ಮೂಳೆ ಎದ್ದು, ನರ ಕಾಣುತ್ತಿದೆ. ಬಳೆ ಮೊಣಕೈವರೆಗೆ ಜಾರಿದೆ. ಅವರಿಗೆ ಮೈಗೆ ಹುಷಾರಿಲ್ಲವಾ? ಅಂಥವರಿಂದ ಸೌಟು ಹಿಡಿಸಬೇಡ. ಕೂರಿಸಿ ಬಿಸಿಯಾಗಿ ಏನಾದರೂ ಕುಡಿಸು.

ಅಕ್ಕ

*

ಏಪ್ರಿಲ್ 21

ಅಕ್ಕಾ,

ನಮ್ಮ ಅತ್ತೆ ಬಂದಿಲ್ಲ. ಆ ಕೈ ಮಗಳದ್ದು.

ಈ ಒಂದು ಸಾಲು ಬರೆದು ಕಾಗದವನ್ನು ಹೊಲಿಗೆ ಯಂತ್ರದ ಕೆಳಗಿಟ್ಟು ದಿನಗಳಾದವು. ಇವತ್ತು ಪೂರ್ತಿ ಬರೆಯುತ್ತೇನೆ.

ಅವಳು ತಿನ್ನುತ್ತಿಲ್ಲ. ಬ್ಲಾಗ್ ಶುರುವಾಗುವ ಮುಂಚೆಯೇ ನಿಂತಿತ್ತು. ನಾನು ಬ್ಲಾಗಿಗೆ ಹೂಂ ಅಂದದ್ದೇ ಅದಕ್ಕೆ. ಅಡುಗೆಮನೆಗೆ ಬಂದವಳು, ಕೈಯಾರೆ ಮಾಡಿದವಳು, ಒಂದು ದಿನ ಬಾಯಿಗೂ ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಎದುರಿಗೆ ಪುಡಿಂಗ್ ಇಟ್ಟುಕೊಂಡು ಮನುಷ್ಯರು ಎಷ್ಟು ದಿನ ಸುಮ್ಮನೆ ಕೂರುತ್ತಾರೆ? ಕೂರುತ್ತಾರೆ ಅಕ್ಕಾ. ನಾನು ನೋಡಿದ್ದೇನೆ. ಅವಳು ಮಾಡುತ್ತಾಳೆ, ಚಂದ ಜೋಡಿಸುತ್ತಾಳೆ, ಅಪ್ಪನ ಮುಂದೆ ಕುಳಿತು ಅವರು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ. ಅವರು ತಟ್ಟೆ ಸರಿಸಿದರೆ “ಯಾಕಪ್ಪಾ, ಚೆನ್ನಾಗಿಲ್ವಾ?” ಅನ್ನುತ್ತಾಳೆ. ಅವರು ಮತ್ತೆ ಹಾಕಿಸಿಕೊಳ್ಳುತ್ತಾರೆ. ಅವರ ಹೊಟ್ಟೆಯ ಬಗ್ಗೆ ನೀನು ನಕ್ಕದ್ದು ಹೀಗೆ ಬೆಳೆದದ್ದು. ತುತ್ತು ತೆಗೆದ ತಟ್ಟೆಗಳ ತುತ್ತು ನಾನು ತೆಗೆದದ್ದು.

ಒಂದು ಸಂಜೆ ಇವರ ತಾಳ್ಮೆ ತಪ್ಪಿತು. “ಒಂದೇ ಒಂದು ಚಮಚ ತಿನ್ನು ಮಗಾ, ನನ್ನ ಮೇಲೆ ಆಣೆ” ಎಂದು ಚಮಚ ಅವಳ ಬಾಯಿಯ ಹತ್ತಿರ ಹಿಡಿದರು. ಅವಳು ಕೂಗಲಿಲ್ಲ. ತಣ್ಣಗೆ ಹೇಳಿದಳು:

“ನಾನು ಪರೀಕ್ಷಕಿ ಅಪ್ಪ. ಪರೀಕ್ಷಕಿ ತಿನ್ನಲ್ಲ. ಬೇಕಿದ್ರೆ ದೊಡ್ಡಮ್ಮನ್ನ ಕೇಳಿ.”

ಕೋಣೆಗೆ ಹೋಗಿ ನಿನ್ನ ಚೀಟಿ ತಂದು ತೋರಿಸಿದಳು. ಇವರು ಓದಿದರು. ಚಮಚವನ್ನು ಕೆಳಗಿಡಲೂ ತಿಳಿಯದೆ ಹಿಡಿದುಕೊಂಡೇ ಕೂತಿದ್ದರು. ನಿನಗೆ ಏನೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ‘ಮೂವರೂ’ ಎಂದು ಬರೆದವಳು ನಾನು. ನಿನ್ನನ್ನು ಬೈಯಲು ನನ್ನಲ್ಲಿ ಏನೂ ಇಲ್ಲ.

ಬಾಯಿಗೆ ಹೋಗುವ ಒಂದೊಂದು ಚೂರನ್ನೂ ತೂಗುತ್ತಾಳೆಂದು ತಕ್ಕಡಿಯನ್ನು ಬೀರುವಿನ ಮೇಲೆ ಬಚ್ಚಿಟ್ಟೆ. ಮರುದಿನ ಅದು ಅವಳ ಮೇಜಿನ ಮೇಲಿತ್ತು.

ನನ್ನ ಕೆಲಸದ ಮಾತನ್ನೂ ಕೇಳು. ಅವಳ ಪ್ಯಾಂಟನ್ನು ಒಮ್ಮೆ ಬಿಗಿ ಹಿಡಿದೆ ಎಂದು ಬರೆದಿದ್ದೆನಲ್ಲ, ಒಮ್ಮೆ ಅಲ್ಲ. ತಿಂಗಳು ತಿಂಗಳೂ ಹಿಡಿದಿದ್ದೇನೆ. ನೆರೆಯವರಿಗೆ ಕಾಣದಿರಲಿ, ಕಾಲೇಜಿನಲ್ಲಿ ಯಾರೂ ಕೇಳದಿರಲಿ ಎಂದು ಹೊಲಿಗೆಯ ಮೇಲೆ ಹೊಲಿಗೆ. ನನ್ನ ಕೈ ಚೆನ್ನಾಗಿದೆ, ಯಾರಿಗೂ ಕಾಣಲಿಲ್ಲ. ಮೊನ್ನೆ ಇಸ್ತ್ರಿ ಮಾಡುವಾಗ ನೋಡಿದರೆ ಹಿಂಬದಿಯ ಎರಡು ಜೇಬುಗಳು ಪಕ್ಕಪಕ್ಕ ಬಂದು ಒಂದಕ್ಕೊಂದು ತಾಗಿವೆ.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಇದು ಹಟ ಅಲ್ಲ, ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ ಎಂದರು. ಎದೆಬಡಿತ ನಿಧಾನವಾಗಿದೆಯಂತೆ. “ಇಷ್ಟು ದಿನ ನೀವು ಮನೇಲಿ ನೋಡ್ಲಿಲ್ವಾ?” ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು, ನಾನು ಗೋಡೆಯ ಕಡೆ ನೋಡಿದೆ.

ಬರಲಾ ಎಂದು ನೀನು ಕೇಳುತ್ತೀಯ. ಬರಬೇಡ. ಈಗ ಬೇಡ. ನೀನು ಬಂದರೆ ಅವಳು ಖುಷಿಯಿಂದ ನಿನಗೆ ಅಡುಗೆ ಮಾಡಿ ಬಡಿಸುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ನಿನ್ನ ತಂಗಿ

*

ಏಪ್ರಿಲ್ 29

ತಂಗೀ,

ಸೈಕಲ್ ರಿಪೇರಿಯವನ ಹೆಂಡತಿ ಕಾಗದ ತಂದುಕೊಟ್ಟು, ನಾನು ಓದುವವರೆಗೆ ಎಂದಿನಂತೆ ನಿಂತಿದ್ದಳು. ಏನಾಯಿತು ಎಂದು ಕೇಳಿದಳು. ಏನೂ ಇಲ್ಲ, ಹೋಗು ಎಂದೆ. ನನ್ನ ದನಿ ಜೋರಾಗಿತ್ತೋ ಏನೋ, ಆಮೇಲೆ ಅವಳು ಬಂದಿಲ್ಲ.

ಕೆಳಗಿನದನ್ನು ಮಗುವಿಗೆ ಓದಿ ಹೇಳು. ನನ್ನ ಅಕ್ಷರ ತೋರಿಸು.

ಮಗೂ, ದೊಡ್ಡಮ್ಮ ಬರೆದದ್ದು ಅರ್ಧ. ಪರೀಕ್ಷೆಯ ಹೊತ್ತಿನಲ್ಲಿ ನಾವು ತಿನ್ನುತ್ತಿರಲಿಲ್ಲ ಎನ್ನುವುದು ನಿಜ. ಸಂಜೆ ಗಂಟೆ ಹೊಡೆದ ಮೇಲೆ ಏನಾಗುತ್ತಿತ್ತು ಎಂದು ಬರೆಯಲಿಲ್ಲ. ಏಪ್ರನ್ ಬಿಚ್ಚಿ, ಆ ಉದ್ದದ ಬೆಂಚಿನ ಮೇಲೆ ಸಾಲಾಗಿ ಕೂತು, ಉಳಿದದ್ದನ್ನೆಲ್ಲ ಪಾತ್ರೆಯಿಂದಲೇ ತಿನ್ನುತ್ತಿದ್ದೆವು. ಹಿರಿಯ ಮೇಡಂ ತಳ ಕೆರೆಯಲು ಜಗಳವಾಡುತ್ತಿದ್ದರು. ನಿನ್ನ ದೊಡ್ಡಮ್ಮ ಎಲ್ಲರಿಗಿಂತ ಜಾಸ್ತಿ ತಿನ್ನುತ್ತಿದ್ದಳು. ತಿನ್ನದೆ ಆ ಕೆಲಸ ಒಂದು ವಾರವೂ ಮಾಡಲಾಗುವುದಿಲ್ಲ. ಶಿಸ್ತಿನ ಮಾತು ಬರೆದದ್ದು ಜಂಬಕ್ಕೆ. ಗಂಟೆ ಹೊಡೆದಿದೆ ಮಗೂ. ಈಗ ತಿನ್ನು.

ಇಷ್ಟೇ. ತಂಗೀ, ನಾನು ಯಾವತ್ತೂ ತಟ್ಟೆ ನೋಡಿ ತಪ್ಪು ಹೇಳಿದವಳಲ್ಲ ಎಂದುಕೊಂಡಿದ್ದೆ. ನಿನ್ನ ಮಗಳ ತುಂಬಿದ ತಟ್ಟೆ ನೋಡಿ ‘ಚಿತ್ರ ಚೆನ್ನಾಗಿ ಬಂದಿಲ್ಲ’ ಎಂದೆನಲ್ಲ.

ಅಕ್ಕ

*

ಮೇ 18

ಅಕ್ಕಾ,

ಓದಿ ಹೇಳಿದೆ. ಅಕ್ಷರ ತೋರಿಸಿದೆ. ಪೂರ್ತಿ ಕೇಳಿ, ಕಾಗದವನ್ನು ಮಡಿಕೆಯ ಗೆರೆಯ ಮೇಲೇ ಮಡಿಸಿ ಕೊಟ್ಟಳು.

“ಇದು ನೀನು ಹೇಳಿ ಬರೆಸಿದ್ದಮ್ಮಾ. ಮೊದಲು ಬರೆದಾಗ ದೊಡ್ಡಮ್ಮಂಗೆ ಏನೂ ಗೊತ್ತಿರ್ಲಿಲ್ಲ. ಅದಕ್ಕೇ ನಿಜ ಬರೆದ್ರು.”

ಇದಕ್ಕೆ ಏನು ಹೇಳಬೇಕೋ ನಿನಗೆ ತಿಳಿದರೆ ತಿಳಿಸು.

ಈಗ ಆಸ್ಪತ್ರೆಯಲ್ಲಿದ್ದಾಳೆ. ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದಿದ್ದಳು. ವಾರ್ಡಿನಲ್ಲಿ ಎಂಟು ಮಂಚ, ಕಿಟಕಿಯ ಆಚೆ ಇನ್ನೊಂದು ಕಟ್ಟಡದ ಪೈಪುಗಳು. ಮೂಗಿನಿಂದ ನಳಿಕೆ ಹಾಕಿದ್ದಾರೆ. ನರ್ಸು ದಿನಾ ಬೆಳಿಗ್ಗೆ ತೂಕ ನೋಡುತ್ತಾರೆ, ಮುಳ್ಳು ಕಾಣದ ಹಾಗೆ ಅವಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ತಿರುಗಿ ನಿಂತಾಗ ನನ್ನ ಮುಖಕ್ಕೆ ಎದುರಾಗುತ್ತಾಳೆ. ನನ್ನ ಮುಖದಲ್ಲಿ ಸಂಖ್ಯೆ ಓದಲು ನೋಡುತ್ತಾಳೆ. ನಾನು ಮುಖವನ್ನು ಗಟ್ಟಿ ಮಾಡಿಕೊಂಡು ನಿಲ್ಲುತ್ತೇನೆ.

ಬ್ಲಾಗ್ ಮುಚ್ಚಿ ಎಂದರು ಡಾಕ್ಟರಮ್ಮ. ಮುಚ್ಚಿದೆವು. ಅಂದಿನಿಂದ ಅವಳು ನಮ್ಮಿಬ್ಬರ ಜೊತೆ ಮಾತಾಡುತ್ತಿಲ್ಲ. ಅಡುಗೆ ಇದ್ದಾಗ ತಿನ್ನುತ್ತಿರಲಿಲ್ಲ, ಮಾತಾದರೂ ಇತ್ತು. ಈಗ ಎರಡೂ ಇಲ್ಲ. ಯಾವ ದಿನ ನಿಲ್ಲಿಸುತ್ತೀರಿ ಎಂದು ನೀನು ಕೇಳಿದ್ದೆ. ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಿರಲಿಲ್ಲ.

ಪಕ್ಕದ ಮಂಚದ ಅಜ್ಜಿ ಮಾತ್ರ ಅವಳ ಜೊತೆ ಹರಟುತ್ತಾರೆ. “ಏನ್ ಹುಡುಗಿ, ನನ್ನ ಸೊಸೆ ತಂದ ಸೂಪು ನೀರು ನೀರು, ನಿಂಗೆ ಮಾಡೋಕ್ ಬರುತ್ತಾ?” ಎಂದು ಕೇಳಿದರು. ಮಗಳು ನಳಿಕೆ ಸರಿಸಿಕೊಂಡು ಎದ್ದು ಕೂತು, ಕುಂಬಳಕಾಯಿ ಸೂಪು ಹೇಗೆ ಮಾಡಬೇಕೆಂದು ತೂಕದ ಸಮೇತ ಹೇಳಿದಳು. ಸೊಸೆ ಮರುದಿನ ಮಾಡಿ ತಂದರು. ಅಜ್ಜಿ ಪಾತ್ರೆ ಬಳಿದು ಕುಡಿದು, ಖಾಲಿ ಪಾತ್ರೆಯನ್ನು ಮಗಳ ಕಡೆ ತಿರುಗಿಸಿ ತೋರಿಸಿದರು. ಅವಳ ಮುಖ ಹೇಗೆ ಅರಳಿತು ಗೊತ್ತಾ ಅಕ್ಕಾ. ಅದೇ ನಗು, ಜನವರಿಯಲ್ಲಿ ನಿನಗೆ ಬರೆದದ್ದು. ಅದನ್ನು ನೋಡಿ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಇವರು ಮನೆಯಲ್ಲಿ ಊಟ ಬಿಟ್ಟಿದ್ದಾರೆ. ಡಿಪೋದಲ್ಲೇ ಏನೋ ತಿಂದು ಬರುತ್ತಾರೆ. “ತಟ್ಟೆ ಮುಂದೆ ಕೂತ್ರೆ ಅವಳು ನೋಡ್ತಿದಾಳೆ ಅನ್ಸುತ್ತೆ ಕಣೆ” ಎಂದರು.

ನಿನ್ನ ತಂಗಿ

*

ಜೂನ್ 2

ತಂಗೀ,

ನನ್ನದೂ ಒಂದು ವಿಷಯ ಇದೆ, ನಿನಗೆ ಬರೆದಿರಲಿಲ್ಲ. ಕೆಲಸ ಬಿಟ್ಟಂದಿನಿಂದ ನಾನು ಒಲೆ ಹಚ್ಚುವುದು ಚಹಾಕ್ಕೆ ಮಾತ್ರ. ಅಂಗಡಿಯ ಬ್ರೆಡ್ಡನ್ನು ಸಿಂಕಿನ ಹತ್ತಿರ ನಿಂತು ತಿನ್ನುತ್ತೇನೆ. ತಿನ್ನುವವರು ಯಾರು ಎಂದು ನಿನ್ನನ್ನು ಕೇಳಿದವಳಿಗೆ ತನ್ನ ಮನೆಯ ಉತ್ತರ ಗೊತ್ತಿತ್ತು. ನಿಮ್ಮ ಬ್ಲಾಗ್ ನೋಡುವಾಗ ಒಬ್ಬಳೇ ನಗುತ್ತಿದ್ದೆ. ನನ್ನ ಅಡುಗೆಗಳಿಗೆ ಮನೆ ಸಿಕ್ಕಿತು ಅಂದುಕೊಂಡೆ. ಆ ಆಸೆಯಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ಮಗುವಿಗೆ ಏನು ಹೇಳಬೇಕೆಂದು ಕೇಳಿದ್ದೀಯ. ನನಗೆ ತಿಳಿಯುತ್ತಿಲ್ಲ.

ಬರಲಾ? ಪ್ರಶ್ನೆ ಇದೊಂದೇ ಉಳಿದಿದೆ. ಚೀಲ ತುಂಬಿಟ್ಟಿದ್ದೇನೆ. ನೀನು ಬೇಡವೆಂದರೆ ಬಿಚ್ಚುತ್ತೇನೆ.

ಅಕ್ಕ

*

ಜೂನ್ 20

ಅಕ್ಕಾ,

ಮನೆಗೆ ಕಳಿಸಿದ್ದಾರೆ. ವಾಸಿಯಾಗಿ ಅಲ್ಲ, ಎದೆಬಡಿತ ಸರಿಹೋಯಿತು, ಮಂಚ ಬೇರೆಯವರಿಗೆ ಬೇಕಾಗಿತ್ತು. ಇಂಥವರಲ್ಲಿ ಕೆಲವರು ವಾಪಸ್ ಬರುತ್ತಾರೆ, ಕೆಲವರು ಬರುವುದಿಲ್ಲ ಎಂದರು ಡಾಕ್ಟರಮ್ಮ. ಆಸ್ಪತ್ರೆಗೆ ವಾಪಸ್ ಬರುವುದನ್ನು ಹೇಳಿದರೋ ಬೇರೆಯದನ್ನೋ, ನಾನು ಕೇಳಲಿಲ್ಲ.

ಬಂದ ಸಂಜೆ ಅಡುಗೆಮನೆಗೆ ಹೋದಳು. ತಡೆಯಲು ಧೈರ್ಯ ಬರಲಿಲ್ಲ. ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ನಾಲ್ಕು ತಟ್ಟೆ ಇಟ್ಟಳು. ಒಂದು ತಿಂಗಳ ಮೇಲೆ ಮೊದಲ ಸಲ ನನ್ನ ಹತ್ತಿರ ಮಾತಾಡಿದಳು.

“ನಾಲ್ಕನೇದು ಯಾರಿಗಮ್ಮಾ?” ಎಂದು ತಾನೇ ಕೇಳಿ, “ದೊಡ್ಡಮ್ಮಂಗೆ ಇಟ್ಟೆ. ಬಂದ್ರೆ ತಿಂತಾರೆ” ಎಂದು ತಾನೇ ಹೇಳಿದಳು.

ಇವರು ಬಂದು ಕೂತರು. ಅವಳಿಗಾಗಿ ಕೂತರು, ಅವಳಿಗಾಗಿ ತಿಂದರು, ತಿನ್ನುತ್ತ ಅತ್ತರು. ನಾನೂ ತಿಂದೆ. ಅವಳ ತಟ್ಟೆ ಹಾಕಿದ ಹಾಗೇ ಇತ್ತು. ನಿನ್ನ ತಟ್ಟೆಯೂ. ಎರಡನ್ನೂ ನಾನು ಕಸದ ಬುಟ್ಟಿಗೆ ಸುರಿದೆ. ತಿನ್ನುವವರು ಯಾರು ಎಂಬ ನಿನ್ನ ಮೊದಲ ಪ್ರಶ್ನೆಗೆ ಈಗ ಸರಿಯಾದ ಉತ್ತರ ಬರೆದಿದ್ದೇನೆ.

ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಾಳೆ. ಆ ಪ್ಯಾಂಟು ಮತ್ತೆ ಸಡಿಲವಾಗಿದೆ. ಇನ್ನು ಹಿಡಿಯಲು ಜಾಗವಿಲ್ಲ. ನಿನಗೆ ಗೊತ್ತಲ್ಲ, ಬಿಗಿ ಹಿಡಿದಾಗ ಹೆಚ್ಚಿನ ಬಟ್ಟೆಯನ್ನು ನಾವು ಕತ್ತರಿಸುವುದಿಲ್ಲ, ಒಳಗೆ ಮಡಿಸಿ ಬಿಡುತ್ತೇವೆ. ಮುಂದೆ ಬೇಕಾದಾಗ ಹೊಲಿಗೆ ಬಿಚ್ಚಿದರೆ ಮತ್ತೆ ಅಗಲವಾಗಬೇಕಲ್ಲ. ಅವಳ ಪ್ಯಾಂಟಿನೊಳಗೆ ಅಷ್ಟೂ ತಿಂಗಳ ಬಟ್ಟೆ ಮಡಿಕೆ ಮಡಿಕೆಯಾಗಿ ಕೂತಿದೆ. ಈಗ ಹೊರಗಿರುವುದಕ್ಕಿಂತ ಒಳಗಿರುವುದೇ ಜಾಸ್ತಿ.

ಇವತ್ತು ಅದನ್ನು ತಂದು ನನ್ನ ಮಡಿಲಿಗೆ ಹಾಕಿದಳು. “ಒಳಗೆಲ್ಲ ದಪ್ಪ ಆಗಿದೆ, ಮೂಳೆಗೆ ಒತ್ತುತ್ತೆ. ಕತ್ತರಿಸಿಬಿಡಮ್ಮಾ. ಅದು ಇನ್ನು ಬೇಕಾಗಲ್ಲ.”

ಆಗಲಿ, ನಾಳೆ ಎಂದೆ. ನಾಳೆಯೂ ಕೇಳುತ್ತಾಳೆ.

ಬಾ ಅಕ್ಕಾ. ಬಂದು ಏನು ಮಾಡುತ್ತೀಯೋ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ತಿನ್ನಲು ಏನೂ ತರಬೇಡ, ಏನೂ ಹೊಗಳಬೇಡ. ಪ್ಯಾಂಟು ನನ್ನ ಯಂತ್ರದ ಮೇಲಿದೆ, ಕತ್ತರಿ ಅದರ ಪಕ್ಕದಲ್ಲಿದೆ. ನೀನು ಬರುವವರೆಗೆ ನಾಳೆ, ನಾಳೆ ಎನ್ನುತ್ತಿರುತ್ತೇನೆ.

ನಿನ್ನ ತಂಗಿ